ಪೆನ್ನು-ಇಂಕಿನಲ್ಲಿ ಮುಪ್ಪು ತೋರಿಸುವುದು ಹೇಗೆ? ಸುಕ್ಕು ಬರೆದರೂ ಸರಿ ಬರುತ್ತಿಲ್ಲ
ಸುಕ್ಕು ಕಡಿಮೆ ಮಾಡಿ ನೋಡಿ. ಮುಖದ ತುಂಬ ಗೆರೆ ಎಳೆದರೆ ಸುಮ್ನೆ ಕೊಳೆಯಾದ ಹಾಗೆ ಕಾಣುತ್ತದೆ. ವಯಸ್ಸು ಜಾಸ್ತಿ ಕಾಣುವುದು ಗುಳಿಬಿದ್ದ ಕಣ್ಣು, ಒಳಸೇರಿದ ಕೆನ್ನೆ, ಮುಂದೆ ಬಾಗಿದ ಕತ್ತಿನಲ್ಲಿ. ಒತ್ತೊತ್ತಾದ ಗೆರೆಗಳನ್ನು ಅಲ್ಲಿ ಮಾತ್ರ ಹಾಕಿ. ಬೆಳಕಿನ ಕಡೆ 0.1 ಪೆನ್ನಿನಲ್ಲಿ (ತುಂಬ ಸಣ್ಣ ಮೊನೆಯದು) ಗೆರೆಯನ್ನು ಅಲ್ಲಲ್ಲಿ ಕಡಿದುಬಿಡಿ. ಚರ್ಮ ತೆಳುವಾಗಿ ಕಾಣುತ್ತದೆ. ಕೈಯನ್ನಂತೂ ಮರೆಯಬೇಡಿ: ಗೆಣ್ಣು ದಪ್ಪ, ಬೆರಳು ಸಣ್ಣ, ಮೇಲೆ ಎದ್ದ ನರ.

ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1521ರಲ್ಲಿ ಆಂಟ್ವರ್ಪ್‌ (ಈಗಿನ ಬೆಲ್ಜಿಯಂನ ಊರು) ನಗರದ 93 ವರ್ಷದ ಅಜ್ಜನನ್ನು ಬರೆದಿದ್ದಾರೆ. ಅದು ಕುಂಚ-ಇಂಕಿನ ಕೆಲಸ, ಆದರೂ ಪೆನ್ನಿನವರು ನೋಡಲೇಬೇಕು. ರೆಪ್ಪೆ ಇಳಿದಿದೆ, ತಲೆ ಕೈಗೆ ಒರಗಿದೆ. ಆದರೆ ಅಜ್ಜ ಇನ್ನೂ ಆರೋಗ್ಯವಾಗಿದ್ದಾನೆ ಎಂದು ಡ್ಯೂರರ್ ಚಿತ್ರದ ಮೇಲೇ ಬರೆದಿದ್ದಾರೆ! ಹಾಗಾಗಿ ನಿಶ್ಶಕ್ತಿ ತೋರಿಸಬೇಕಿದ್ದರೆ ಮುಖ ಸಾಲದು. ಮೈಭಾರ ಊರುಗೋಲಿನ ಮೇಲೋ ಗೋಡೆಯ ಮೇಲೋ ಬೀಳುವಂತೆ ಕೂರಿಸಿ.