ಮಳೆಗಾಲ ಕಳೆದ ಮೇಲೆ ದೋಣಿಯನ್ನು ನೀರಿಗಿಳಿಸುವ ಮುನ್ನ

ಪ್ರಶ್ನೆ: ಮನೆಮಂದಿಯೊಡನೆ ಶರಾವತಿಯಲ್ಲಿ ಸುತ್ತಾಡಲೆಂದು ನಮ್ಮಲ್ಲಿ 18 ಅಡಿಯ ಫೈಬರ್ ದೋಣಿಯಿದೆ; ಅದಕ್ಕೆ 40 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ ಇದೆ. ಮೇ ಕೊನೆಯಲ್ಲಿ ತೋಟದ ಮಾಡಿನಡಿ ಇಟ್ಟದ್ದನ್ನು ಇನ್ನೂ ಮುಟ್ಟಿಲ್ಲ. ಕಳೆದ ವರ್ಷ ನೇರವಾಗಿ ನೀರಿಗಿಳಿಸಿದಾಗ ಅರ್ಧ ದಾರಿಯಲ್ಲಿ ಎಂಜಿನ್ ಕಾದು ನಿಂತುಹೋಯಿತು. ದಸರಾ ರಜೆಗೆ ಮಕ್ಕಳು ಬರುವವರಿದ್ದಾರೆ. ಈ ಸಲ ಏನೇನು ನೋಡಬೇಕು?
– ಓದುಗರೊಬ್ಬರು, ಹೊನ್ನಾವರ

ಉತ್ತರ: ಕಳೆದ ವರ್ಷ ಆದ ತೊಂದರೆಯಿಂದಲೇ ಆರಂಭಿಸುವುದು ಒಳ್ಳೆಯದು. ಔಟ್‌ಬೋರ್ಡ್ ಎಂಜಿನ್ ತಣ್ಣಗಿರುವುದು ಅದು ಓಡುವ ನೀರಿನಿಂದಲೇ. ಎಂಜಿನ್ನಿನಿಂದ ನೀರಿಗಿಳಿಯುವ ಕಾಲಿನೊಳಗೆ, ಪ್ರೊಪೆಲ್ಲರಿನ ಮೇಲ್ಭಾಗದಲ್ಲಿ, ಇಂಪೆಲ್ಲರ್ ಎಂಬ ಅಂಗೈಗಿಂತ ಚಿಕ್ಕದಾದ ರಬ್ಬರ್ ಚಕ್ರವಿದ್ದು, ಅದು ಹೊಳೆಯ ನೀರನ್ನು ಎಳೆದು ಮೇಲಕ್ಕೆ ಕಳಿಸುತ್ತದೆ. ನಾಲ್ಕು ತಿಂಗಳು ಒಂದೇ ಭಂಗಿಯಲ್ಲಿ ನಿಂತರೆ ಅದರ ಎಸಳುಗಳು ಬಾಗಿದಲ್ಲಿಯೇ ಗಡುಸಾಗುತ್ತವೆ. ಮರಳು ಕಲೆತ ಅಳಿವೆಯ ನೀರಿನಲ್ಲಿ ಓಡಿದ ಚಕ್ರವಾದರೆ ಅಂಚು ಸವೆದಿರುವುದೂ ಉಂಟು. ಕಳಚಿ ಕೈಯಲ್ಲಿ ಹಿಡಿದು ಎಸಳನ್ನು ಹಿಂದಕ್ಕೆ ಮಡಿಸಿ ನೋಡಿ. ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಬದಲಿಸಿ. ಒಂದು ಎಸಳು ಮುರಿದು ಹೋಗಿದ್ದರೆ ಹೊಸ ಚಕ್ರ ಹಾಕಿದರಷ್ಟೇ ಸಾಲದು, ಮುರಿದ ತುಂಡು ಎಂಜಿನ್ನಿನ ನೀರಿನ ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿರುತ್ತದೆ, ಅದನ್ನು ಹುಡುಕಿ ತೆಗೆಯಲೇಬೇಕು. ಅಳಿವೆಯ ಹತ್ತಿರ ಓಡಾಡುವವರು ಪ್ರತಿ ವರ್ಷ ಇದನ್ನು ಬದಲಿಸುವುದೇ ಲೇಸೆಂಬುದು ನನ್ನ ಅಭಿಪ್ರಾಯ. ಎಂಜಿನ್ ಸುಟ್ಟುಹೋದರೆ ಆಗುವ ಖರ್ಚಿನ ಮುಂದೆ ಈ ರಬ್ಬರಿನ ಬೆಲೆ ಏನೇನೂ ಅಲ್ಲ.

ನೀರಿಲ್ಲದೆ ಎಂಜಿನ್ನನ್ನು ಒಂದು ಕ್ಷಣವೂ ಓಡಿಸಬಾರದು. ಆ ರಬ್ಬರ್ ಚಕ್ರಕ್ಕೆ ನೀರೇ ಎಣ್ಣೆ. ಒಣಗಿದ ಗೂಡಿನಲ್ಲಿ ತಿರುಗಿದರೆ ಕೆಲವೇ ಸೆಕೆಂಡುಗಳಲ್ಲಿ ಕೆಡುತ್ತದೆ. ದೊಡ್ಡ ಡ್ರಮ್ಮಿನಲ್ಲಿ ಸಿಹಿನೀರು ತುಂಬಿ, ನೀರೆಳೆಯುವ ಕಿಂಡಿಗಳು ಪೂರ್ತಿ ಮುಳುಗುವಂತೆ ಎಂಜಿನ್ನಿನ ಕಾಲನ್ನು ಅದರೊಳಗಿಟ್ಟು ಚಾಲೂ ಮಾಡಿ. ಸ್ವಲ್ಪ ಹೊತ್ತಿನಲ್ಲೇ ಹಿಂಬದಿಯ ಸಣ್ಣ ತೂತಿನಿಂದ ನೀರಿನ ಧಾರೆ ಬಿಡದೆ ಹೊರಬರಬೇಕು. ಬಾರದಿದ್ದರೆ ಒಡನೆ ನಿಲ್ಲಿಸಿ, ಮೊದಲು ಆ ತೂತಿಗೆ ತೆಳು ತಂತಿ ಹಾಯಿಸಿ ನೋಡಿ. ತೋಟದಲ್ಲಿ ಇಟ್ಟ ಎಂಜಿನ್ನುಗಳಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿ ಈ ತೂತನ್ನೇ ಮುಚ್ಚಿದ್ದನ್ನು ನಾನು ಹಲವು ಸಲ ಕಂಡಿದ್ದೇನೆ. ಇಲಿ ಕಡಿದ ವೈರುಗಳನ್ನೂ ಆಗಲೇ ಹುಡುಕಿ.

ಇನ್ನು ಕೆಳಗಿನ ಗೇರ್‌ಬಾಕ್ಸಿನ ಎಣ್ಣೆ. ಕಾಲಿನ ತಳದಲ್ಲಿ ಒಂದು, ಮೇಲೊಂದು ತಿರುಪು ಇರುತ್ತವೆ. ಕೆಳಗೊಂದು ಬಿಳಿ ತಟ್ಟೆ ಇಟ್ಟು, ತಳದ ತಿರುಪನ್ನು ಬಿಚ್ಚಿ ಮೊದಲು ಇಳಿಯುವ ಹನಿಗಳನ್ನು ಗಮನಿಸಿ. ನೀರು ಎಣ್ಣೆಗಿಂತ ಭಾರವಾದ್ದರಿಂದ ಒಳಗೆ ಸೇರಿದ ನೀರು ಎಲ್ಲಕ್ಕಿಂತ ಮೊದಲು ಹೊರಬರುತ್ತದೆ. ಎಣ್ಣೆ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಬಾರದಂತೆ ತಡೆಯುವ ಸೀಲು ಹೋಗಿದೆ ಎಂದೇ ಅರ್ಥ. ಆಗ ಪ್ರೊಪೆಲ್ಲರನ್ನು ಕಳಚಿ ಅದರ ಹಿಂದಿನ ದಂಡವನ್ನು ನೋಡಿ: ಗಾಳದ ತಂಗೂಸಿ ಸುತ್ತಿಕೊಂಡು ಸೀಲನ್ನು ಕತ್ತರಿಸಿರುವುದೇ ಹೆಚ್ಚು. ಹೊಸ ಎಣ್ಣೆಯನ್ನು ತಳದ ತೂತಿನಿಂದಲೇ ಒತ್ತಿ, ಮೇಲಿನ ತೂತಿನಿಂದ ಗುಳ್ಳೆಯಿಲ್ಲದೆ ಉಕ್ಕುವವರೆಗೆ ತುಂಬಿಸಿ. ಬಳಿಕ ಮೇಲಿನ ತಿರುಪನ್ನು ಮೊದಲು, ಕೆಳಗಿನದನ್ನು ಆಮೇಲೆ ಮುಚ್ಚಿ. ತಿರುಪಿನ ವಾಷರ್ ಹೊಸದಿರಲಿ.

ಅದೇ ಕಾಲಿನ ಮೇಲೆ ಬೂದು ಬಣ್ಣದ ಝಿಂಕ್ ತುಂಡು ಇರುತ್ತದೆ. ಉಪ್ಪುನೀರು ಎಂಜಿನ್ನಿನ ಅಲ್ಯೂಮಿನಿಯಮ್ಮನ್ನು ತಿನ್ನುವ ಬದಲು ತಾನು ಕರಗಿ ಅದನ್ನು ಕಾಯುವುದೇ ಇದರ ಕೆಲಸ. ಅರ್ಧದಷ್ಟು ಕರಗಿದ್ದರೆ ಬದಲಿಸಿ, ಮತ್ತು ಅಂದಕ್ಕೆಂದು ಅದಕ್ಕೆ ಬಣ್ಣ ಬಳಿಯಬೇಡಿ. ಬಳಿದರೆ ಅದು ಇದ್ದೂ ಇಲ್ಲದಂತೆ.

ದೋಣಿಯ ಮೈಯನ್ನು ತೊಳೆದು ಒಣಗಿಸಿದ ನಂತರ, ಎಂಜಿನ್ ತೂಗುಹಾಕುವ ಹಿಂಗೋಡೆಯನ್ನು ಸುತ್ತಿಗೆಯ ಮರದ ಹಿಡಿಯಿಂದ ಅಂಗುಲ ಅಂಗುಲವಾಗಿ ತಟ್ಟಿ ಕೇಳಿ. ಅನೇಕ ಫೈಬರ್ ದೋಣಿಗಳ ಈ ಗೋಡೆಯೊಳಗೆ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತಿನಿಂದ ನೀರು ಇಳಿದರೆ ಹೊರಗೆ ಏನೂ ಕಾಣದಂತೆ ಒಳಗೊಳಗೇ ಕೊಳೆಯುತ್ತದೆ. ಗಟ್ಟಿ ಜಾಗ ಟಣ್ ಎಂದು ಉತ್ತರಿಸಿದರೆ ಕೊಳೆತ ಜಾಗ ಬೊದ್ದಾಗಿ ಸದ್ದು ಮಾಡುತ್ತದೆ. ಹಾಗೆ ಕೇಳಿಸಿದರೆ ದುರಸ್ತಿಯಾಗುವ ತನಕ ದೋಣಿಯನ್ನು ಇಳಿಸಬೇಡಿ. ಬ್ಯಾಟರಿಯ ವಿಷಯ ಸರಳ: ಪೂರ್ತಿ ಚಾರ್ಜಾಗಿ ಕೆಲವು ತಾಸು ತಣಿದ ಮೇಲೆ 12.6 ವೋಲ್ಟ್ ಆಸುಪಾಸು ತೋರಿಸಬೇಕು.

ಮೊದಲ ಸಲ ಇಳಿಸುವ ದಿನ ಮಕ್ಕಳನ್ನು ದಡದಲ್ಲೇ ಬಿಡಿ. ತಳದ ಡ್ರೈನ್ ಪ್ಲಗ್ಗನ್ನು ನಿಮ್ಮ ಕೈಯಿಂದಲೇ ಬಿಗಿದು, ಹುಟ್ಟು ಮತ್ತು ಲಂಗರು ದೋಣಿಯಲ್ಲಿವೆಯೆಂದು ಖಚಿತಪಡಿಸಿಕೊಂಡು, ಉಬ್ಬರ ಏರುತ್ತಿರುವ ವೇಳೆಯಲ್ಲಿ ಹೊರಡಿ. ಎಂಜಿನ್ ನಿಂತರೂ ಏರುವ ನೀರು ನಿಮ್ಮನ್ನು ಹೊಳೆಯ ಒಳಕ್ಕೆ ತರುತ್ತದೆ. ಇಳಿತವಾದರೆ ಅಳಿವೆಯ ಬಾಯಿಗೆ ಒಯ್ಯುತ್ತದೆ.

ಪ್ರಶ್ನೆ: ಟ್ಯಾಂಕಿನಲ್ಲಿ ಮೇ ತಿಂಗಳ ಪೆಟ್ರೋಲ್ ಸುಮಾರು ಹತ್ತು ಲೀಟರ್ ಉಳಿದಿದೆ. ಅದಕ್ಕೆ ಹೊಸ ಪೆಟ್ರೋಲ್ ಬೆರೆಸಿ ಉಪಯೋಗಿಸಬಹುದೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ದಯವಿಟ್ಟು ಬೇಡ. ಈಗ ನಮ್ಮ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ಕರಾವಳಿಯ ಮಳೆಗಾಲದಲ್ಲಿ ತೇವಕ್ಕೇನೂ ಬರವಿಲ್ಲ. ಹೀರಿದ ನೀರು ಮಿತಿ ಮೀರಿದಾಗ ಎಥೆನಾಲ್ ಮತ್ತು ನೀರು ಕೂಡಿಕೊಂಡು ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಇಂಧನ ಎಳೆಯುವ ಕೊಳವೆಯೂ ತಳದಲ್ಲೇ ಇರುವುದರಿಂದ ಅದು ಮೊದಲು ಕುಡಿಯುವುದು ಇದನ್ನೇ. ಒಂದು ಲೋಟದಷ್ಟನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಅರ್ಧ ಗಂಟೆ ಅಲುಗಾಡಿಸದೆ ಇಟ್ಟರೆ ಎರಡು ಪದರ ಕಣ್ಣಿಗೇ ಕಾಣಬಹುದು. ಕಾಣದಿದ್ದರೂ ನಾಲ್ಕು ತಿಂಗಳ ಪೆಟ್ರೋಲನ್ನು ನಂಬುವಂತಿಲ್ಲ; ಆವಿಯಾಗಿ ಉಳಿದ ಅಂಟು ಕಾರ್ಬೊರೇಟರಿನ ಸೂಕ್ಷ್ಮ ತೂತುಗಳನ್ನು ಮುಚ್ಚುತ್ತದೆ. ಟ್ಯಾಂಕ್ ಖಾಲಿ ಮಾಡಿ, ಫಿಲ್ಟರ್ ಬದಲಿಸಿ. ತೆಗೆದ ಪೆಟ್ರೋಲನ್ನು ಹೊಳೆಗಾಗಲಿ ಚರಂಡಿಗಾಗಲಿ ಸುರಿಯದೆ ಗ್ಯಾರೇಜಿಗೆ ಒಪ್ಪಿಸಿ. ಅನೇಕ ಔಟ್‌ಬೋರ್ಡ್ ತಯಾರಕರು ಶೇ 10ಕ್ಕಿಂತ ಹೆಚ್ಚಿನ ಎಥೆನಾಲನ್ನು ಒಪ್ಪುವುದಿಲ್ಲ. ನಿಮ್ಮ ಎಂಜಿನ್ನಿನ ಕೈಪಿಡಿಯಲ್ಲಿ ಏನಿದೆಯೆಂದು ಓದಿ, ಹಳೆಯ ರಬ್ಬರ್ ಕೊಳವೆ ಮತ್ತು ಕೈಯಿಂದ ಹಿಂಡುವ ಬಲ್ಬು ಮೆತ್ತಗಾಗಿದ್ದರೆ ಬದಲಿಸಿಕೊಳ್ಳಿ.

ಪ್ರಶ್ನೆ: ಲೈಫ್ ಜಾಕೆಟ್‌ಗಳು ಏಳೆಂಟು ವರ್ಷ ಹಳೆಯವು. ನೋಡಲು ಚೆನ್ನಾಗಿವೆ. ಸಾಕಲ್ಲವೇ?
– ಓದುಗರೊಬ್ಬರು, ಉಡುಪಿ

ಉತ್ತರ: ನೋಡಲು ಚೆನ್ನಾಗಿರುವುದು ಸಾಲದು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡ ಸುದ್ದಿಯನ್ನು ನಮ್ಮ ಕರಾವಳಿಯವರು ಮರೆತಿರಲಾರರು. ಒಳಗಿನ ಫೋಮನ್ನು ಜೋರಾಗಿ ಹಿಂಡಿ ಬಿಡಿ; ಒಡನೆ ಮೊದಲಿನಂತಾಗದೆ ತಗ್ಗಿಯೇ ಉಳಿದರೆ, ಅಥವಾ ಬಿಸಿಲಿಗೆ ಬಣ್ಣ ಮಾಸಿದ ಬಟ್ಟೆ ಹೊಲಿಗೆಯ ಬಳಿ ಎಳೆದಾಗ ಹರಿದರೆ ಅದನ್ನು ಬಿಸಾಡಿ. ಉಳಿದವನ್ನು ತೊಟ್ಟು, ಈಜು ಬಲ್ಲ ಇನ್ನೊಬ್ಬರನ್ನು ಪಕ್ಕದಲ್ಲಿರಿಸಿಕೊಂಡು, ಎದೆಮಟ್ಟದ ನೀರಿನಲ್ಲಿ ಕಾಲೆತ್ತಿ ತೇಲಿ ನೋಡಿ: ಬಾಯಿ ನೀರಿನಿಂದ ಸಾಕಷ್ಟು ಮೇಲಿರಬೇಕು. ಮಕ್ಕಳಿಗೆ ದೊಡ್ಡವರ ಜಾಕೆಟ್ಟನ್ನು ಬಿಗಿದು ಕಟ್ಟಿದರೆ ನಡೆಯುತ್ತದೆಂದು ತಿಳಿಯಬೇಡಿ, ನೀರಿಗೆ ಬಿದ್ದಾಗ ಅದು ತಲೆಯ ಮೇಲಿನಿಂದ ಜಾರಿ ಹೋಗುತ್ತದೆ. ಮಗುವಿನ ತೂಕಕ್ಕೆ ಹೊಂದುವ, ಕಾಲುಗಳ ನಡುವೆ ಪಟ್ಟಿಯಿರುವ ಜಾಕೆಟ್ಟನ್ನೇ ಕೊಳ್ಳಿ.