ಫಿಟ್ಸ್ ಇದೆ ಅಂತ ಮೊಸರು ಬಿಡಿಸಬೇಕಾ?

ಹಾಸನದ ಓದುಗರೊಬ್ಬರು ಬರೆದಿದ್ದಾರೆ: "ಮಗಳಿಗೆ 16 ವರ್ಷ. ಫಿಟ್ಸ್‌ಗೆ ಮಾತ್ರೆ ನಡೆಯುತ್ತಿದೆ. ಅತ್ತೆಯವರು ನಂಜು, ಶೀತ ಅಂತ ಬದನೆಕಾಯಿ, ಮೊಸರು, ಬಾಳೆಹಣ್ಣು ಎಲ್ಲ ಬಿಡಿಸಿದ್ದಾರೆ. ಅವಳೂ ಒಮ್ಮೊಮ್ಮೆ ಊಟದ ಮಧ್ಯೆ ಏನೋ ಸುಟ್ಟ ವಾಸನೆ ಅಂತ ತಟ್ಟೆ ತಳ್ಳುತ್ತಾಳೆ. ಇದು ಅಲರ್ಜಿನಾ? ಕೀಟೋ ಡಯಟ್ ಮಾಡಿಸಲಾ?"

ಅಮ್ಮ, ಮೊದಲು ಆ ಸುಟ್ಟ ವಾಸನೆ. ಒಲೆ ಮೇಲೆ ಏನೂ ಸೀದಿಲ್ಲ, ಬೇರೆ ಯಾರಿಗೂ ವಾಸನೆ ಬರುತ್ತಿಲ್ಲ, ಆದರೆ ಅವಳಿಗೆ ಮಾತ್ರ ಬರುತ್ತೆ, ಸ್ವಲ್ಪ ಹೊತ್ತಿಗೆ ಹೋಗಿಬಿಡುತ್ತೆ ಅಂದರೆ, ಅದು ಊಟದ ಮೇಲಿನ ಅಸಡ್ಡೆ ಅಲ್ಲದೇ ಇರಬಹುದು. ಕಿವಿಯ ಹತ್ತಿರದ ಮೆದುಳಿನ ಭಾಗದಲ್ಲಿ ಶುರುವಾಗುವ ಫಿಟ್ಸ್ ಕೆಲವರಲ್ಲಿ ಹೀಗೇ ಬರುತ್ತೆ: ಇಲ್ಲದ ವಾಸನೆ, ಬಾಯಲ್ಲಿ ವಿಚಿತ್ರ ರುಚಿ, ಹೊಟ್ಟೆಯಿಂದ ಏನೋ ಮೇಲಕ್ಕೆ ಬಂದ ಹಾಗೆ. ಅದೇ ಒಂದು ಸಣ್ಣ ಫಿಟ್. ಆಗ ದಿಟ್ಟಿಸಿ ನೋಡುತ್ತಾಳಾ, ತುಟಿ ಚಪ್ಪರಿಸುತ್ತಾಳಾ, ಕರೆದರೆ ಓಗೊಡುತ್ತಾಳಾ ಗಮನಿಸಿ. ಮೊಬೈಲಲ್ಲಿ ವಿಡಿಯೋ ಮಾಡಿ ನರರೋಗ ಡಾಕ್ಟರಿಗೆ ತೋರಿಸಿ. ಊಟ ಮಾಡುವಾಗಲೇ ಫಿಟ್ಸ್ ಬರುವವರೂ ಅಪರೂಪಕ್ಕೆ ಇದ್ದಾರೆ, ಭಾರತ, ಶ್ರೀಲಂಕಾದಿಂದ ಇಂಥ ವರದಿಗಳು ಬಂದಿವೆ. ನಮ್ಮ ಮೈಸೂರು ಕಡೆ ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಫಿಟ್ಸ್ ಇದೆಯಲ್ವಾ, ಆ ಜಾತಿಯದೇ ಇದು. ಹಾಗಾಗಿ ಸುಮ್ನೆ ಬೈದು ತಿನ್ನಿಸಬೇಡಿ.

ಇನ್ನು ಮೊಸರು. ಅದನ್ನು ಇವತ್ತೇ ವಾಪಸ್ ಕೊಡಿ. ಫೆನಿಟಾಯಿನ್, ಕಾರ್ಬಮಜೆಪಿನ್ ಥರದ ಮಾತ್ರೆ ವರ್ಷಗಟ್ಟಲೆ ತಗೊಂಡರೆ ಮೈಯಲ್ಲಿ ವಿಟಮಿನ್ ಡಿ ಕಡಿಮೆಯಾಗಿ ಮೂಳೆ ಸವೆಯಬಹುದು. ಬೆಳೆಯೋ ಹುಡುಗಿ ಬೇರೆ. ಅಂಥವಳಿಗೆ ಹಾಲು ಮೊಸರು ತಪ್ಪಿಸಿದರೆ ಮಾತ್ರೆ ಮಾಡುವ ನಷ್ಟಕ್ಕೆ ನಾವೇ ಕೈ ಜೋಡಿಸಿದಂತೆ. ಬದನೆಕಾಯಿ, ಬಾಳೆಹಣ್ಣಿನಿಂದ ಫಿಟ್ಸ್ ಬರಲ್ಲ. ಅತ್ತೆಯವರು ಪ್ರೀತಿಯಿಂದಲೇ ಬಿಡಿಸಿರುತ್ತಾರೆ, ಡಾಕ್ಟರ ಬಾಯಲ್ಲೇ ಅವರಿಗೆ ಹೇಳಿಸಿ. ಹಸಿವೇ ಇಲ್ಲ ಅಂದರೆ ಮಾತ್ರೆಯ ಹೆಸರು ನೋಡಿ, ಟೋಪಿರಮೇಟ್ ಹಸಿವು ಕೊಲ್ಲುತ್ತೆ, ವಾಲ್ಪ್ರೊಯೇಟ್ ಉಲ್ಟಾ, ತಿಂದಷ್ಟೂ ಬೇಕನ್ನಿಸುತ್ತೆ.

ಅಲರ್ಜಿ ವಿಷಯದಲ್ಲಿ ನನಗೆ ಊಟಕ್ಕಿಂತ ಮಾತ್ರೆಯದೇ ಭಯ ಜಾಸ್ತಿ. ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್ ಹೊಸದಾಗಿ ಶುರು ಮಾಡಿದ ಮೊದಲ ಎರಡು ತಿಂಗಳಲ್ಲಿ ಮೈಮೇಲೆ ದದ್ದು, ಜ್ವರ, ಬಾಯಿಹುಣ್ಣು ಬಂದರೆ ಅದೇ ದಿನ ಆಸ್ಪತ್ರೆಗೆ ಓಡಿ.

ಕೀಟೋ ಅಂದರೆ ಹಿಟ್ಟಿನಂಶ (ಕಾರ್ಬೋಹೈಡ್ರೇಟ್) ತೀರಾ ಕಡಿಮೆ, ಕೊಬ್ಬು ತುಂಬಾ ಹೆಚ್ಚು ಇರುವ ಊಟ. ಅದು ಹೊಸದಲ್ಲ. 1921ರಲ್ಲೇ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ರಸೆಲ್ ವೈಲ್ಡರ್ ಫಿಟ್ಸ್‌ಗೆಂದೇ ಇದನ್ನು ಸೂಚಿಸಿದ್ದರು. ಆದರೆ ಅದು ತೂಕ ಇಳಿಸೋ ಡಯಟ್ ಅಲ್ಲ, ಔಷಧಿಯಷ್ಟೇ ಗಟ್ಟಿ ಚಿಕಿತ್ಸೆ. ಹಿಟ್ಟಿನಂಶ, ಪ್ರೋಟೀನ್ ಎರಡೂ ಸೇರಿ 1 ಗ್ರಾಂ ಇದ್ದರೆ ಕೊಬ್ಬು 4 ಗ್ರಾಂ ಇರಬೇಕು. ಸ್ವಲ್ಪ ಸಡಿಲವಾದ ಬಗೆಯಲ್ಲೂ ದಿನಕ್ಕೆ ಹಿಟ್ಟಿನಂಶ ಸುಮಾರು 20 ಗ್ರಾಂ ಒಳಗೇ. ಒಂದು ಬಟ್ಟಲು ಅನ್ನದಲ್ಲೇ ಹೆಚ್ಚುಕಡಿಮೆ 40 ಗ್ರಾಂ ಇದೆ, ಲೆಕ್ಕ ಹಾಕಿ. ಎರಡು ಸರಿಯಾದ ಮಾತ್ರೆಗೂ ಫಿಟ್ಸ್ ನಿಲ್ಲದಿದ್ದಾಗ, ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರು, ಡಯಟಿಷಿಯನ್ ಇಬ್ಬರ ಕೈಕೆಳಗೇ ಇದನ್ನು ಶುರು ಮಾಡೋದು. ಮೂತ್ರಪಿಂಡದಲ್ಲಿ ಕಲ್ಲಾಗಬಹುದು, ಹುಟ್ಟಿನಿಂದಲೇ ಕೊಬ್ಬು ಕರಗಿಸಲಾಗದ ಕೆಲವು ಮಕ್ಕಳಿಗಂತೂ ಜೀವಕ್ಕೇ ಅಪಾಯ. ಯೂಟ್ಯೂಬ್ ನೋಡಿ ಮನೆಯಲ್ಲಿ ಮಾಡಬೇಡಿ, ದಯವಿಟ್ಟು.

ಎಲೆಕೋಸು, ಕ್ಯಾರೆಟ್ ಹಸಿಯಾಗಿ ತಿನ್ನುವುದಾದರೆ ಚೆನ್ನಾಗಿ ತೊಳೆಯಿರಿ. ಲಾಡಿಹುಳದ ಮೊಟ್ಟೆ ಕೊಳಕು ನೀರಿನ ತರಕಾರಿಯಿಂದ, ತೊಳೆಯದ ಕೈಯಿಂದ ಹೊಟ್ಟೆ ಸೇರಿ, ಅದರ ಮರಿಹುಳ ಮೆದುಳಲ್ಲಿ ಕೂತು ಫಿಟ್ಸ್ ತರಿಸಬಹುದು, ಮಾಂಸ ಮುಟ್ಟದವರಿಗೂ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಆಗಲಿ. ಏಕಾದಶಿ ಇದ್ದರೂ ಮಾತ್ರೆ ತಪ್ಪಬಾರದು.