ಜರಡಿ ಹಿಡಿದುಕೊಂಡು ಕ್ವಾಂಟಂ ಸಮ್ಮೇಳನಕ್ಕೆ

ಮೂವತ್ತೊಂದು ವರ್ಷ ಭೌತಶಾಸ್ತ್ರ ಪಾಠ ಮಾಡಿ, ನಿವೃತ್ತಳಾಗಿ ದಾವಣಗೆರೆಯ ವಿದ್ಯಾನಗರದ ಮನೆಯಲ್ಲಿ ಕೂತವಳಿಗೆ ಈಗ ನಿಮ್ಮ ಓಲೆಗಳೇ ತರಗತಿ. ವಿಶ್ವಸಂಸ್ಥೆ 2025ನ್ನು ಕ್ವಾಂಟಂ ವಿಜ್ಞಾನ ಮತ್ತು ತಂತ್ರಜ್ಞಾನದ ವರ್ಷ ಎಂದು ಸಾರಿತಲ್ಲ, ಅದರ ಗುಂಗು ಇನ್ನೂ ಇಳಿದಿಲ್ಲ. ಈ ಸಲದ ಓಲೆಗಳೆಲ್ಲ ಅದೇ ವಿಷಯದವು.

ಪ್ರಶ್ನೆ: ಮೇಡಂ, ನಾನು ದಾವಣಗೆರೆಯಲ್ಲಿ ಎಂ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ರಹಸ್ಯ ಕೀಲಿ ಹಂಚುವ ಬಿಬಿ84 ಎಂಬ ಕ್ವಾಂಟಂ ವಿಧಾನವನ್ನು ಐಬಿಎಂನವರ ಕ್ವಾಂಟಂ ಕಂಪ್ಯೂಟರಿನಲ್ಲಿ ನಡೆಸಿ ಎಷ್ಟು ತಪ್ಪು ಬರುತ್ತದೆಂದು ಲೆಕ್ಕ ಹಾಕಿದ್ದು ನನ್ನ ಪ್ರಾಜೆಕ್ಟ್. ಬೆಂಗಳೂರಿನ ಒಂದು ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅದನ್ನು ಪೋಸ್ಟರ್ ಆಗಿ ಒಪ್ಪಿಕೊಂಡಿದ್ದಾರೆ. ಖುಷಿಗಿಂತ ಹೆದರಿಕೆಯೇ ಜಾಸ್ತಿ. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮಾಧ್ಯಮ. ಹೊರದೇಶದವರು ಏನಾದರೂ ಕೇಳಿ ನಾನು ಬಾಯಿ ಬಿಡದೆ ನಿಂತುಬಿಟ್ಟರೆ?
— ವಿದ್ಯಾರ್ಥಿನಿ, ಜಗಳೂರು

ನೋಡಮ್ಮ, ಹೆದರಿಕೆಯ ಮಾತು ಆಮೇಲೆ. ನೀನು ಸುರುಳಿ ಸುತ್ತಿ ಬೆಂಗಳೂರಿಗೆ ಒಯ್ಯುತ್ತಿರುವ ಬಿಬಿ84 ಇದೆಯಲ್ಲ, ಅದಕ್ಕೆ ಬೆಂಗಳೂರು ತವರುಮನೆ ಇದ್ದ ಹಾಗೆ. 1984ರ ಡಿಸೆಂಬರ್ 10ರಿಂದ 12ರವರೆಗೆ ಅಲ್ಲೊಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಕ್ವಾಂಟಂ ಬಗ್ಗೆ ಅಲ್ಲ, ಕಂಪ್ಯೂಟರ್ ಮತ್ತು ಸಿಗ್ನಲ್ ಪ್ರೊಸೆಸಿಂಗ್ ಬಗ್ಗೆ. ಐಬಿಎಂನ ಚಾರ್ಲ್ಸ್ ಬೆನೆಟ್, ಮಾಂಟ್ರಿಯಲ್ ವಿಶ್ವವಿದ್ಯಾಲಯದ ಜಿಲ್ ಬ್ರಸಾರ್, ಇಬ್ಬರೂ ಸೇರಿ ಬರೆದ ಪ್ರಬಂಧ ಅದರ ಸಂಪುಟದಲ್ಲಿ 175ನೇ ಪುಟದಿಂದ 179ರವರೆಗೆ ಇದೆ. ಐದೇ ಪುಟ. ಎರಡು ‘ಬಿ’ ಅವರ ಹೆಸರಿನವು, 84 ಆ ವರ್ಷದ್ದು. ಇವತ್ತು ಜಿನೀವಾದಲ್ಲಿ ಕೂತು ಬರೆಯುವವರೂ ಆ ಪ್ರಬಂಧವನ್ನು ಹೆಸರಿಸಬೇಕಾದರೆ ‘ಬೆಂಗಳೂರು, 1984’ ಎಂದೇ ಬರೆಯಬೇಕು. ನಿನ್ನ ಪೋಸ್ಟರಿನ ಮೂಲೆಯಲ್ಲಿ ಅದೊಂದು ಸಾಲು ಹಾಕು. ನೋಡಲು ಬಂದವರ ಜೊತೆ ಮಾತು ಶುರುವಾಗಲು ಅಷ್ಟು ಸಾಕು.

ಆ ಇಬ್ಬರ ಪರಿಚಯ ಆದದ್ದೂ ಇನ್ನೊಂದು ಸಮ್ಮೇಳನದಲ್ಲೇ. 1979ರಲ್ಲಿ, ಪೋರ್ಟೊ ರಿಕೊದ ಸಾನ್ ಹ್ವಾನ್‌ನಲ್ಲಿ. ಬ್ರಸಾರ್ ತಮ್ಮ ಪಾಡಿಗೆ ಸಮುದ್ರದಲ್ಲಿ ಈಜುತ್ತಿದ್ದರು. ಗುರುತು ಪರಿಚಯ ಇಲ್ಲದ ಒಬ್ಬರು ಈಜುತ್ತಾ ಬಂದವರೇ, ಯಾರೂ ನಕಲು ಮಾಡಲಾಗದ ಕ್ವಾಂಟಂ ನೋಟಿನ ಬಗ್ಗೆ ಹೇಳತೊಡಗಿದರು. ಆ ನೋಟಿನ ಯೋಚನೆ ಸ್ಟೀಫನ್ ವೀಸ್ನರ್ ಎಂಬುವರದು. ನೀರಿನಲ್ಲಿ ಹೇಳಿದವರು ಬೆನೆಟ್. ವೇದಿಕೆ ಇಲ್ಲ, ಮೈಕ್ ಇಲ್ಲ. ಅದಕ್ಕೇ ಹೇಳುವುದು, ಮೂರು ದಿನವೂ ಹಾಲ್‌ನ ಕೊನೆಯ ಸಾಲಿನಲ್ಲಿ ಕೂತು ನೋಟ್ಸ್ ಬರೆದುಕೊಂಡು ವಾಪಸ್ ಬರಬೇಡ. ಭಾಷಣದಲ್ಲಿ ಅರ್ಧಕ್ಕರ್ಧ ನನಗೂ ತಿಳಿಯುತ್ತಿರಲಿಲ್ಲ, ಪಕ್ಕದಲ್ಲಿ ಗಂಭೀರವಾಗಿ ತಲೆಯಾಡಿಸುವವರಿಗೂ ತಿಳಿಯುತ್ತಿರಲಿಲ್ಲ. ಟೀ ಹೊತ್ತಿನಲ್ಲಿ ಕಪ್ ಹಿಡಿದು ಗೋಡೆಗೆ ಒರಗಿದವರ ಹತ್ತಿರ ಹೋಗಿ, ‘ನಿಮ್ಮ ಮೂರನೇ ಸ್ಲೈಡ್ ಅರ್ಥವಾಗಲಿಲ್ಲ’ ಅನ್ನು. ಇಷ್ಟು ಇಂಗ್ಲಿಷ್ ನಿನಗೆ ಖಂಡಿತ ಬರುತ್ತದೆ.

ಇಂಗ್ಲಿಷಿಗೆ ಮೊದಲು ಕನ್ನಡದಲ್ಲಿ ಹೇಳಿ ನೋಡು, ಅದೂ ನಿಮ್ಮ ಅಮ್ಮನಿಗೆ. ಬಿಬಿ84 ಜರಡಿ ಹಿಡಿಯುವ ಕೆಲಸ. ಕಳಿಸುವವಳ ಹತ್ತಿರ ಎರಡು ಜರಡಿ: ಒಂದರ ಸೀಳು ನೆಟ್ಟಗೆ, ಇನ್ನೊಂದರದು ಓರೆ. ಸೊನ್ನೆ ಇಲ್ಲವೇ ಒಂದು ಎಂಬ ಗುರುತು ಹೊತ್ತ ಒಂದೊಂದು ಬೆಳಕಿನ ಕಣವನ್ನೂ ಮನಸ್ಸಿಗೆ ಬಂದ ಜರಡಿಯಲ್ಲಿ ಹಾಯಿಸಿ ಬಿಡುತ್ತಾಳೆ. ಪಡೆಯುವವನೂ ಮನಸ್ಸಿಗೆ ಬಂದ ಜರಡಿಯನ್ನೇ ಒಡ್ಡುತ್ತಾನೆ. ಆಮೇಲೆ ಇಬ್ಬರೂ ಫೋನಿನಲ್ಲಿ, ಯಾರು ಬೇಕಾದರೂ ಕೇಳಿಸಿಕೊಳ್ಳಲಿ ಎಂದು, ಯಾವ ಕಣಕ್ಕೆ ಯಾವ ಜರಡಿ ಹಿಡಿದೆವು ಎಂದಷ್ಟೇ ಹೇಳಿಕೊಳ್ಳುತ್ತಾರೆ. ಜರಡಿ ಹೊಂದಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಚೆಲ್ಲುತ್ತಾರೆ. ಸುಮಾರು ಅರ್ಧ ಉಳಿಯುತ್ತದೆ, ಅದೇ ಕೀಲಿ. ನಡುವೆ ಕದ್ದು ನೋಡುವವನಿಗೆ ಯಾವ ಜರಡಿ ಹಿಡಿಯಬೇಕೆಂದು ಗೊತ್ತಿಲ್ಲ. ಎರಡರಲ್ಲಿ ಒಂದು ಸಲ ತಪ್ಪು ಹಿಡಿಯುತ್ತಾನೆ. ತಪ್ಪಿದಾಗ ಕಣವೇ ಬದಲಾಗುತ್ತದೆ, ಹಾಗೆ ಬದಲಾದವುಗಳಲ್ಲಿ ಅರ್ಧ ಪಡೆಯುವವನ ಕೈಯಲ್ಲಿ ತಪ್ಪು ಉತ್ತರ ಕೊಡುತ್ತವೆ. ಹೀಗಾಗಿ ಎಲ್ಲ ಕಣಗಳನ್ನೂ ಕದ್ದು ನೋಡಿದರೆ ಉಳಿದ ಕೀಲಿಯಲ್ಲಿ ನಾಲ್ಕರಲ್ಲಿ ಒಂದು ತಪ್ಪು. ಆದ್ದರಿಂದಲೇ ಕೀಲಿಯ ಒಂದಷ್ಟು ಭಾಗವನ್ನು ಬಹಿರಂಗವಾಗಿ ತಾಳೆ ನೋಡುತ್ತಾರೆ. ತಪ್ಪು ಶೇಕಡಾ 11ರ ಸುಮಾರು ದಾಟಿತೋ, ಪೂರ್ತಿ ಕೀಲಿಯನ್ನೇ ಎಸೆಯುತ್ತಾರೆ. ಜರಡಿ ಹಿಡಿಯುವುದಕ್ಕೆ ಇಂಗ್ಲಿಷಿನವರು ಸಿಫ್ಟಿಂಗ್ ಅಂತಾರೆ. ಪ್ರಬಂಧಗಳಲ್ಲೂ ಅದೇ ಪದ. ರಾಗಿ ಹಿಟ್ಟು ಸಾಣಿಸಿದ ಕೈಗೆ ಇದರಲ್ಲಿ ಹೊಸದೇನಿಲ್ಲ.

ಇನ್ನು ಕೇಳಬಹುದಾದ ಪ್ರಶ್ನೆ. ಯಾವ ಯಂತ್ರ, ಎಷ್ಟು ಸಲ ಓಡಿಸಿದೆ, ಯಾವ ದಿನ ಓಡಿಸಿದೆ ಎಂದು ಕೇಳುತ್ತಾರೆ. ಆ ಯಂತ್ರಗಳ ಹದವನ್ನು ಆಗಾಗ ಸರಿಪಡಿಸುತ್ತಿರುತ್ತಾರೆ, ನಿನ್ನೆಯ ತಪ್ಪಿನ ಲೆಕ್ಕ ಇವತ್ತಿನದಲ್ಲ. ದಿನಾಂಕ ಪೋಸ್ಟರಿನಲ್ಲೇ ಇರಲಿ. ಆದರೆ ನಾನೇ ನಿನ್ನ ಮುಂದೆ ನಿಂತರೆ ಕೇಳುವುದು ಬೇರೆ: ‘ನಿನ್ನ ಕ್ಯೂಬಿಟ್, ಅಂದರೆ ಮಾಹಿತಿ ಹೊತ್ತ ಕ್ವಾಂಟಂ ತುಣುಕು, ಒಂದೇ ಚಿಪ್ಪಿನೊಳಗೆ ಕೂತಿದೆ, ಎಲ್ಲಿಂದ ಎಲ್ಲಿಗೂ ಹೋಗಲಿಲ್ಲ. ಹಾಗಿದ್ದ ಮೇಲೆ ಕೀಲಿ ಹಂಚಿದೆ ಅನ್ನುವುದು ಹೇಗೆ?’ ಇದಕ್ಕೆ ತಡವರಿಸಬೇಡ. ‘ಹಂಚಲಿಲ್ಲ. ಕಣ ಸಾಗುವ ದಾರಿಯನ್ನು ಪರೀಕ್ಷಿಸಿಲ್ಲ, ಗೇಟಿನ, ಅಂದರೆ ಯಂತ್ರದ ಒಂದೊಂದು ಲೆಕ್ಕದ ಹೆಜ್ಜೆಯ, ಮತ್ತು ಅಳತೆಯ ತಪ್ಪನ್ನು ಮಾತ್ರ ನೋಡಿದ್ದೇನೆ’ ಎಂದು ನೇರವಾಗಿ ಹೇಳು. ಶೀರ್ಷಿಕೆಯಲ್ಲಿ ದೊಡ್ಡ ಮಾತಿದ್ದರೆ ಈಗಲೇ ತೆಗೆ. ಐಬಿಎಂ 2016ರಲ್ಲಿ ತನ್ನ ಯಂತ್ರವನ್ನು ಅಂತರ್ಜಾಲದಲ್ಲಿ ತೆರೆದಿಟ್ಟದ್ದರಿಂದ ಹಾಸ್ಟೆಲಿನ ಮಂಚದ ಮೇಲೆ ಕೂತು ಇಷ್ಟು ಮಾಡಿದ್ದೀಯ. ಅದು ಕಡಿಮೆಯದಲ್ಲ.

ಪೋಸ್ಟರ್ ಅಳತೆ ಸಾಮಾನ್ಯವಾಗಿ ಎ0, ಅಂದರೆ 841 ಮಿಲಿಮೀಟರ್ ಅಗಲ, 1189 ಎತ್ತರ. ನಮ್ಮೂರಲ್ಲಿ ಅಷ್ಟು ದೊಡ್ಡದು ಬೇಕೆಂದರೆ ಫ್ಲೆಕ್ಸ್ ಅಂಗಡಿಗೇ ಹೋಗಬೇಕು. ನನ್ನ ವಿದ್ಯಾರ್ಥಿಯೊಬ್ಬ ಹೋದಾಗ ಅಂಗಡಿ ಹುಡುಗ ಸಮೀಕರಣಗಳನ್ನೆಲ್ಲ ನೋಡಿ, ‘ಸರ್, ಶುಭಕೋರುವವರ ಫೋಟೊ ಕೆಳಗೆ ಬರಬೇಕಾ, ಪಕ್ಕಕ್ಕಾ?’ ಅಂದನಂತೆ. ಫ್ಲೆಕ್ಸ್ ದೀಪಕ್ಕೆ ಮಿಂಚುತ್ತದೆ, ಎದುರು ನಿಂತವರಿಗೆ ಓದಲಾಗುವುದಿಲ್ಲ. ಬಟ್ಟೆಯ ಮೇಲೆ ಪ್ರಿಂಟ್ ಹಾಕಿಸು. ಮಡಚಿ ಬ್ಯಾಗಿನಲ್ಲಿ ಇಟ್ಟುಕೊಳ್ಳಬಹುದು.

ಬ್ಯಾಗಿನಲ್ಲಿ ಅಂದದ್ದಕ್ಕೆ ಕಾರಣವಿದೆ. ನಾನು ಮೊದಲ ಸಲ ಹೋದಾಗ ಪೋಸ್ಟರ್ ಅಂದರೆ ನಾಲ್ಕು ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ಎರಡು ರಾತ್ರಿ ನಿದ್ದೆಗೇಡು. ಸುರುಳಿಯನ್ನು ಬಸ್ಸಿನ ಮೇಲಿನ ಕ್ಯಾರಿಯರ್‌ನಲ್ಲಿಟ್ಟು ಮೆಜೆಸ್ಟಿಕ್‌ನಲ್ಲಿ ಬರೀ ಬ್ಯಾಗ್ ಹಿಡಿದು ಇಳಿದೆ. ಬಸ್ಸು ಹೋಯಿತು. ಸಮ್ಮೇಳನದ ಜಾಗದಲ್ಲಿ ಹನ್ನೆರಡು ಬಿಳಿ ಹಾಳೆ ಬೇಡಿ ತಂದು, ನೆನಪಿದ್ದಷ್ಟು ಕೈಯಲ್ಲೇ ಬರೆದು ಗುಂಡುಪಿನ್ನು ಚುಚ್ಚಿದೆ. ಅಕ್ಕಪಕ್ಕ ಎಲ್ಲ ಅಚ್ಚುಕಟ್ಟು, ನಡುವೆ ನನ್ನದು ಸಂತೆಯ ಲೆಕ್ಕದ ಚೀಟಿ. ಎರಡು ಗಂಟೆಯಲ್ಲಿ ಮೂರೇ ಜನ ಬಂದರು. ಮೂರನೆಯವರು ವಯಸ್ಸಾದವರು, ಕನ್ನಡಕ ಹಣೆಗೇರಿಸಿ ಹಾಳೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಓದಿ, ಉಷ್ಣತೆ ಇಳಿಸಿದರೆ ಈ ಪದ ಏನಾಗುತ್ತದೆ ಎಂದು ಕೇಳಿದರು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ‘ಗೊತ್ತಿಲ್ಲ ಸರ್’ ಅಂದೆ, ಕಿವಿಯೆಲ್ಲ ಬಿಸಿಯಾಯಿತು. ಅವರು ಒಂದು ಹಾಳೆಯ ಅಂಚಿನಲ್ಲಿ ತಮ್ಮ ವಿಳಾಸ ಬರೆದು, ‘ಗೊತ್ತಾದಾಗ ಬರೆಯಿರಿ’ ಎಂದು ಹೋದರು. ನಾಲ್ಕು ತಿಂಗಳು ಬೇಕಾಯಿತು, ಇನ್‌ಲ್ಯಾಂಡ್ ಲೆಟರ್ ಸಾಲದೆ ಕವರಿಗೆ ಹಾಕಿ ಕಳಿಸಿದೆ. ನನ್ನ ಪಿಎಚ್.ಡಿ.ಯ ಮೂರನೇ ಅಧ್ಯಾಯ ಅದೇ.

ಪ್ರಶ್ನೆ: ಮಗಳು ಎಂ.ಟೆಕ್. ಮುಗಿಸಿದ್ದಾಳೆ. ಹೊರದೇಶದ ಕ್ವಾಂಟಂ ಸಮ್ಮೇಳನದಲ್ಲಿ ಭಾಷಣ ಮಾಡಲು ಬನ್ನಿ ಎಂದು ಅವಳಿಗೆ ಇಮೇಲ್ ಬಂದಿದೆ. ಪ್ರಬಂಧ ಕಳಿಸಿದ ಎರಡೇ ದಿನಕ್ಕೆ ಒಪ್ಪಿಗೆಯಾಗಿದೆ. 500 ಯೂರೋ ಶುಲ್ಕ ಕಟ್ಟಬೇಕಂತೆ. ಈ ಸಲದ ಈರುಳ್ಳಿ ದುಡ್ಡು ಇದೆ. ಕಟ್ಟಬಹುದೇ?
— ರೈತರು, ಹಿರಿಯೂರು ತಾಲ್ಲೂಕು

ಕಟ್ಟಬೇಡಿ ಸ್ವಾಮಿ, ಈ ವಾರವಂತೂ ಬೇಡ. ಎರಡು ದಿನದಲ್ಲಿ ಒಪ್ಪಿದರು ಅಂದರೆ ಯಾರೂ ಓದಿಲ್ಲ ಅಂತಲೇ ಅರ್ಥ. ಶುಲ್ಕ ಕೇಳುವುದೇ ಮೋಸವಲ್ಲ. ದೊಡ್ಡ ಸಮ್ಮೇಳನಗಳೂ ಕೇಳುತ್ತವೆ, ವಿದ್ಯಾರ್ಥಿಗಳಿಗೆ ಬೇರೆ ದರ ಇರುತ್ತದೆ. ನೋಡಬೇಕಾದದ್ದು ಸಮಿತಿಯ ಪಟ್ಟಿ. ಅದರಲ್ಲಿ ಹೆಸರಿರುವ ಪ್ರಾಧ್ಯಾಪಕರಿಗೆ, ಅವರ ಸಂಸ್ಥೆಯ ವಿಳಾಸಕ್ಕೇ ಮಗಳು ನೇರವಾಗಿ ಬರೆದು ಕೇಳಲಿ. ಎಷ್ಟೋ ಸಲ ಅವರಿಗೆ ತಮ್ಮ ಹೆಸರು ಹಾಕಿರುವುದೇ ಗೊತ್ತಿರುವುದಿಲ್ಲ. ನಾನೂ ಒಮ್ಮೆ ಇಂಥದ್ದಕ್ಕೆ ದುಡ್ಡು ಕಟ್ಟಿ ಹೋಗಿ ಬಂದವಳೇ, ಯಾರದ್ದೆಂದು ಹೇಳಲಾರೆ. ಹೋಟೆಲಿನ ಒಂದೇ ಹಾಲ್‌ನಲ್ಲಿ ಬೆಳಿಗ್ಗೆ ಹಲ್ಲಿನ ವೈದ್ಯರು, ಮಧ್ಯಾಹ್ನ ನಾವು. ಪೆದ್ದಳ ಹಾಗೆ ಒಬ್ಬ ದಂತವೈದ್ಯರಿಗೆ ಸೂಪರ್‌ಪೊಸಿಷನ್ ವಿವರಿಸಿ ಬಂದೆ, ಪಾಪ ಅವರು ಕೇಳಿಸಿಕೊಂಡರು.

ಸಮ್ಮೇಳನ ನಿಜದ್ದೇ ಆಗಿದ್ದರೂ ಈರುಳ್ಳಿ ದುಡ್ಡಿಗೆ ಕೈ ಹಾಕುವ ಮೊದಲು ಬೇರೆ ದಾರಿ ನೋಡಿ. ಹೊರದೇಶದಲ್ಲಿ ಪ್ರಬಂಧ ಮಂಡಿಸುವವರಿಗೆ ಕೇಂದ್ರ ಸರ್ಕಾರದ ಪ್ರಯಾಣ ನೆರವು ಬಹಳ ವರ್ಷದಿಂದ ಇದೆ. ಮೊದಲು ಅದನ್ನು ಕೊಡುತ್ತಿದ್ದುದು ಎಸ್‌ಇಆರ್‌ಬಿ ಎಂಬ ಮಂಡಳಿ, ಈಗ ಅದು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದೊಳಗೆ ಸೇರಿದೆ. ಒಪ್ಪಿಗೆ ಪತ್ರ ಇಟ್ಟುಕೊಂಡು ಮುಂಚಿತವಾಗಿಯೇ ಅರ್ಜಿ ಹಾಕಬೇಕು. ಇಟಲಿಯ ಟ್ರಿಯೆಸ್ಟ್‌ನಲ್ಲಿ ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ 1964ರಲ್ಲಿ ಕಟ್ಟಿದ ಐಸಿಟಿಪಿ ಎಂಬ ಭೌತಶಾಸ್ತ್ರ ಸಂಸ್ಥೆ ನಮ್ಮಂಥ ದೇಶದವರಿಗಾಗಿಯೇ ಇರುವುದು. ಶುಲ್ಕದ ಕಾಟ ಇಲ್ಲ, ಆಯ್ಕೆಯಾದ ಕೆಲವರಿಗೆ ಪ್ರಯಾಣದ ಖರ್ಚನ್ನೂ ಕೊಡುತ್ತಾರೆ. ನಾನು ಹೊರದೇಶ ಕಂಡದ್ದೇ ಅವರಿಂದ.

ಪ್ರಶ್ನೆ: ಕ್ವಾಂಟಂ ಕಂಪ್ಯೂಟರ್ ಬಂದರೆ ಬ್ಯಾಂಕಿನ ಬೀಗವೆಲ್ಲ ಒಡೆದುಹೋಗುತ್ತದಂತೆ. ನಮ್ಮ ವ್ಯವಹಾರವೆಲ್ಲ ಫೋನಿನಲ್ಲೇ. ನಿಜವೇ?
— ವರ್ತಕರು, ಮಂಡಿಪೇಟೆ, ದಾವಣಗೆರೆ

ಒಡೆಯುವ ಲೆಕ್ಕವನ್ನು ಗಣಿತಜ್ಞ ಪೀಟರ್ ಶೋರ್ 1994ರಲ್ಲೇ ಬರೆದಿಟ್ಟಿದ್ದಾರೆ. ಅದನ್ನು ನಡೆಸುವಷ್ಟು ದೊಡ್ಡ, ತಪ್ಪು ತಿದ್ದಿಕೊಳ್ಳುವ ಯಂತ್ರ ಇನ್ನೂ ಆಗಿಲ್ಲ. ಆಗುವ ಮೊದಲೇ ಬೀಗ ಬದಲಿಸಲು ಅಮೆರಿಕದ ನಿಸ್ಟ್ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಮೂರು ಹೊಸ ಮಾನದಂಡ ಪ್ರಕಟಿಸಿದೆ. ನಿಮ್ಮ ದುಡ್ಡು ಹೋದರೆ ಒಟಿಪಿ ಹೇಳಿ ಅಂತ ಫೋನ್ ಮಾಡುವವನಿಂದ ಹೋಗುತ್ತದೆ ಸಾಹುಕಾರರೇ, ಶೋರ್ ಅವರಿಂದ ಅಲ್ಲ.

ಪ್ರಶ್ನೆ: ಮಂಡಿನೋವಿಗೆ ‘ಕ್ವಾಂಟಂ ಲಾಕೆಟ್’ ಎಂದು ನಮ್ಮ ಬಡಾವಣೆಯಲ್ಲಿ ಮಾರುತ್ತಿದ್ದಾರೆ. ನೀವು ಹೋಗಿದ್ದ ಸಮ್ಮೇಳನಗಳಲ್ಲಿ ಇದರ ಚರ್ಚೆ ಆಗಿತ್ತೇ?
— ನಿವೃತ್ತ ನೌಕರರು, ಚಿತ್ರದುರ್ಗ

ಇಲ್ಲ. ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್ಟನ್ನು ಸೊನ್ನೆಗಿಂತ 273 ಡಿಗ್ರಿ ಕೆಳಗೆ ತಣಿಸಿಟ್ಟರೂ ಅದು ತನ್ನ ಸ್ಥಿತಿಯನ್ನು ಒಂದು ಸೆಕೆಂಡ್ ಕೂಡ ಹಿಡಿದಿಡಲಾರದೆ ಒದ್ದಾಡುತ್ತದೆ. ಕ್ವಾಂಟಂ ವಸ್ತು ಬೇಕೇಬೇಕು ಅಂದರೆ ನಿಮ್ಮ ಮನೆಯ ಎಲ್‌ಇಡಿ ಬಲ್ಬು ಅಪ್ಪಟ ಕ್ವಾಂಟಂ ಸರಕು. ಮಂಡಿನೋವಿಗೆ ಮೂಳೆ ಡಾಕ್ಟರ್.

ಪ್ರಶ್ನೆ: ಹೈಸ್ಕೂಲಿನ ವಿಜ್ಞಾನ ಶಿಕ್ಷಕ ನಾನು. ಇಂಥ ಸಮ್ಮೇಳನಗಳಿಗೆ ನಮ್ಮಂಥವರಿಗೆ ಪ್ರವೇಶ ಉಂಟೇ?
— ಚಳ್ಳಕೆರೆ

ಸಂಶೋಧಕರ ಸಮ್ಮೇಳನಕ್ಕೆ ಹೋದರೆ ಬೇಸರವೇ ಆದೀತು. ನಿಮ್ಮ ತಾಲ್ಲೂಕಿನ ಕುದಾಪುರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆ ಕ್ಯಾಂಪಸ್ ಇದೆ, ಶಿಕ್ಷಕರಿಗೆ ತರಬೇತಿ ಕೊಡುವ ಕೇಂದ್ರವೂ ಅಲ್ಲಿದೆ. ಮೊದಲು ಅಲ್ಲಿಗೆ ಹೋಗಿ ಬನ್ನಿ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ನಲ್ಲಿ ಕಂಪ್ಯೂಟಿಂಗ್ ವಿಭಾಗದ ಹೊಣೆ ಇದೇ ಸಂಸ್ಥೆಯ ಬೆಂಗಳೂರು ಕ್ಯಾಂಪಸ್ಸಿನದು. ಹೆಸರಘಟ್ಟ ಕಡೆಯ ಐಸಿಟಿಎಸ್ ಸಂಸ್ಥೆಯವರು ತಮ್ಮ ಉಪನ್ಯಾಸಗಳನ್ನು ಯೂಟ್ಯೂಬಿಗೆ ಹಾಕುತ್ತಾರೆ. ಮನೆಯಲ್ಲೇ ಕೂತು ನೋಡಿ, ತಿಳಿಯದ ಕಡೆ ನಿಲ್ಲಿಸಿ ಹಿಂದಕ್ಕೆ ಹೋಗಿ. ನನ್ನ ಕಾಲಕ್ಕೆ ಈ ಸುಖ ಇರಲಿಲ್ಲ.

ಪ್ರಶ್ನೆ: ಉಪನ್ಯಾಸಕಿ ನಾನು, ಮೊದಲ ಸಲ ಟ್ರಿಯೆಸ್ಟ್‌ಗೆ ಹೊರಟಿದ್ದೇನೆ, ಜನವರಿಯಲ್ಲಿ. ಸೀರೆ ನಡೆಯುತ್ತದೆಯೇ? ಸಸ್ಯಾಹಾರಿ ಬೇರೆ.
— ಚನ್ನಗಿರಿ

ಸೀರೆ ಹಾಲ್‌ನೊಳಗೆ ನಡೆಯುತ್ತದೆ, ಹೊರಗೆ ಹಾರುತ್ತದೆ. ಚಳಿಗಾಲದಲ್ಲಿ ಅಲ್ಲಿ ಬೋರಾ ಎಂಬ ಗಾಳಿ ಬೀಸುತ್ತದೆ. ಜೋಗಿಮಟ್ಟಿಯ ತುದಿಯಲ್ಲಿ ನಿಂತು ಗಾಳಿ ಕಂಡವಳು ನಾನು ಎಂಬ ಜಂಬ ಇತ್ತು, ಮೊದಲ ದಿನವೇ ಕಂಬ ತಬ್ಬಿಕೊಂಡು ನಿಂತೆ. ಇನ್ನೊಂದು ಕಡೆಯಿಂದ ಅದೇ ಕಂಬ ಹಿಡಿದಿದ್ದಾಕೆ ನೈಜೀರಿಯಾದ ಉಪನ್ಯಾಸಕಿ. ನಮ್ಮ ಹಾಗೇ ಅವರ ಕಾಲೇಜಿನಲ್ಲೂ ಲ್ಯಾಬ್ ಇರಲಿಲ್ಲ. ಏಳೆಂಟು ವರ್ಷ ಇಬ್ಬರೂ ಅಂಚೆಯಲ್ಲಿ ಪ್ರಬಂಧಗಳ ಜೆರಾಕ್ಸ್ ಕಳಿಸಿಕೊಂಡೆವು. ಸಲ್ವಾರ್, ದಪ್ಪ ಕೋಟು, ಕಿವಿ ಮುಚ್ಚುವ ಟೋಪಿ ತೆಗೆದುಕೊಳ್ಳಿ.

ಊಟಕ್ಕೆ ತುಪ್ಪ, ಪೇಡ ಒಯ್ಯಬೇಡಿ, ಹಾಲಿನ ಪದಾರ್ಥ ಅಲ್ಲಿ ಒಳಗೆ ಬಿಡುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಸಾಕು. ಡಬ್ಬಿಯ ಮೇಲೆ ಒಳಗೇನಿದೆ ಎಂದು ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿ. ನಾನು ಅಂಟಿಸಿರಲಿಲ್ಲ. ಕೆಂಪು ಪುಡಿ ಕಂಡು ವಿಮಾನ ನಿಲ್ದಾಣದಲ್ಲಿ ನಿಲ್ಲಿಸಿಕೊಂಡರು. ಕೊನೆಗೆ ನಾನೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದೆ. ಆ ಅಧಿಕಾರಿಯೂ ಬೆರಳು ಅದ್ದಿ ನೆಕ್ಕಿ ನೋಡಿದರು, ಕಣ್ಣಲ್ಲಿ ನೀರು ಬಂತು, ಕೈ ಬೀಸಿ ಹೋಗು ಅಂದರು.